ಬೆಲ್ಲದ ಚಹಾ ಮತ್ತು ಸುಮ್ಮನಾದ ಕೂಸು

ಆರನೇ ತಿಂಗಳಲ್ಲಿ ನನಗೆ ಶುಗರ್ ಬಂದಿದೆ ಎಂದು ಗೊತ್ತಾಯಿತು. ಗಡಹಿಂಗ್ಲಜದ ಡಾಕ್ಟರು ಮರಾಠಿಯಲ್ಲಿ, "ಸಾಖರ್ ಬಂದ್" ಎಂದರು. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಸಕ್ಕರೆ ಡಬ್ಬಿ ಅಟ್ಟಕ್ಕೆ ಹೋಯಿತು. ಚಹಾಕ್ಕೆ ಬೆಲ್ಲ ಬಂತು.

ನಮ್ಮದು ಬೆಲ್ಲದ ವ್ಯಾಪಾರದ ಮನೆ. ಬೆಲ್ಲವೂ ಸಕ್ಕರೆಯೇ ಎಂದು ನಮ್ಮಲ್ಲಿ ಯಾರಿಗೆ ಹೊಳೆಯಬೇಕು?

"ಕುಡಿಯವಾ, ಸಕ್ಕರಿ ಚಿಟಿಕಿನೂ ಹಾಕಿಲ್ಲ," ಎನ್ನುತ್ತಿದ್ದರು ಅತ್ತೆ. ನಾನೂ ಖುಷಿಯಿಂದ ಕುಡಿದೆ.

ಎಂಟನೇ ತಿಂಗಳಲ್ಲಿ ಕೂಸು ಮೆತ್ತಗಾಯಿತು. ಮೊದಲು ನಾನು ಅಡ್ಡಾದರೆ ಸಾಕು, ಪಕ್ಕೆಗೆ ಒದೆಯುತ್ತಿತ್ತು. ಈಗ ಉಂಡು ಮಲಗಿ ಕಾದರೂ ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು.

"ಶಾಣ್ಯಾ ಕೂಸು. ಅವ್ವಗ ತ್ರಾಸ ಕೊಡೂದಿಲ್ಲ," ಎಂದು ಅತ್ತೆ ಹಿಗ್ಗಿದರು.

ಒಂದು ಬೆಳಿಗ್ಗೆ ಆ ಮಿಸುಕಾಟವೂ ನಿಂತಿತು.

ಕಾರಿನಲ್ಲಿ ಕೊಲ್ಹಾಪುರ ಮುಟ್ಟುವವರೆಗೂ ಹೊಟ್ಟೆಯ ಮೇಲೆ ಕೈಯಿಟ್ಟು ಬೇಡಿಕೊಂಡೆ: "ಒಂದ ಸಲ ಒದಿ, ನನ್ನ ಬಂಗಾರಾ." ದೊಡ್ಡ ಆಸ್ಪತ್ರೆಯ ಮಷಿನ್‌ನಲ್ಲಿ ಅದರ ಎದೆಬಡಿತ ಕೇಳಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅಲ್ಲಿನ ಡಾಕ್ಟರು ನಮ್ಮ ಕಡೆಯವರೇ, ಕನ್ನಡ ಮಾತಾಡುವವರು. ಏನೇನು ತಿನ್ನುತ್ತೀರಿ ಎಂದು ನನ್ನನ್ನು ಕೇಳಿದರು. ಅತ್ತೆಯೇ ಮುಂದೆ ಬಂದರು. "ಸಕ್ಕರಿ ಮುಟ್ಟಿಸಿಲ್ರೀ. ಬರೇ ಬೆಲ್ಲದ ಚಹಾ. ಕೂಸೂ ಶಾಣ್ಯಾ ಐತ್ರಿ, ಸುಮ್ನ ಇರತೈತಿ."

"ಬೆಲ್ಲಾನೂ ಸಕ್ಕರೀನ ರೀ ಅಮ್ಮಾ. ತಾಯಿ ಶುಗರ್ ಏರಿದ್ರ ಕೂಸಿಂದೂ ಏರತೈತಿ. ದಪ್ಪ ಆಗತೈತಿ, ಒದ್ಯಾಟ ಕಡಿಮಿ ಆಗಬಹುದು. ಅದು ಶಾಣ್ಯಾತನ ಅಲ್ರಿ."

ಅತ್ತೆಯ ಮುಖ ಇಷ್ಟೇ ಇಷ್ಟಾಯಿತು.

ಅಂದೇ ಸಿಸೇರಿಯನ್ ಆಯಿತು. ಮಗಳು. ಗುಂಡುಗುಂಡಾಗಿದ್ದಳು. ಹುಟ್ಟಿದ ಕೂಡಲೇ ಅವಳ ಶುಗರ್ ಮಾತ್ರ ಸರ್ರನೆ ಇಳಿಯಿತು, ಎನ್‌ಐಸಿಯುಗೆ ಒಯ್ದರು. ಅವಳ ಪುಟ್ಟ ಹಿಮ್ಮಡಿಗೆ ಸೂಜಿ ಚುಚ್ಚುವುದನ್ನು ಗಾಜಿನಾಚೆಯಿಂದ ಕಂಡ ಅತ್ತೆ ನನ್ನ ಮಂಚದ ಬಳಿ ಬಂದು ಕುಸಿದು ಕೂತರು.

"ನನ್ನ ಕೈಯಾರೆ ಕುಡಿಸಿದ್ನಲ್ಲಾ ನಿನಗ."

"ನಾನೂ ಖುಷೀಲೆ ಕುಡದ್ನಲ್ರಿ," ಎಂದೆ. ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು.

ಮಗಳು ಮನೆಗೆ ಬಂದಳು. ಆದರೆ ಕುತ್ತಿಗೆ ನಿಲ್ಲುವುದು ತಡವಾಯಿತು. ಶುಗರ್ ಇದ್ದ ತಾಯಂದಿರ ಕೆಲವು ಮಕ್ಕಳಲ್ಲಿ ಹೀಗಾಗಬಹುದು, ಬೋರಲು ಹಾಕಿ ಆಡಿಸುತ್ತಿರಿ ಎಂದರು ಡಾಕ್ಟರು. ಅಂದಿನಿಂದ ಅತ್ತೆ ಜಮಖಾನ ಹಾಸಿ, ತಾವೂ ಅವಳೆದುರು ಬೋರಲು ಬಿದ್ದು ಗಿಲಕಿ ಅಲ್ಲಾಡಿಸುತ್ತಾರೆ. ಈಗ ಕುತ್ತಿಗೆ ನಿಂತಿದೆ. ಮುಂದಿನದು ಗೊತ್ತಿಲ್ಲ, ತಪಾಸಣೆಗಳು ಇನ್ನೂ ಇವೆ, ಅವಳಿಗೂ ನನಗೂ.

ನಿನ್ನೆ ಅಂಗಾತ ಮಲಗಿದ್ದವಳು ಕಾಲು ಝಾಡಿಸಿ, ಅತ್ತೆ ಪಕ್ಕದಲ್ಲಿ ಮರೆತಿಟ್ಟಿದ್ದ ಆರಿದ ಸಪ್ಪನೆ ಚಹಾವನ್ನು ಒದ್ದು ಕೆಡವಿದಳು. ಜಮಖಾನವೆಲ್ಲ ತೊಯ್ದುಹೋಯಿತು.

"ಏನ ಹುಡಿಗೀಯವಾ ಇದು! ಒಂದ ಗಳಿಗಿ ಸುಮ್ನ ಇರೂದಿಲ್ಲ!" ಎಂದು ಅತ್ತೆ ಬೈದರು. ಬೈಯುತ್ತಲೇ ಆ ಒದ್ದೆ ಪಾದವನ್ನು ಹಿಡಿದು ಕಣ್ಣಿಗೊತ್ತಿಕೊಂಡರು.