ತಟ್ಟೆಗೆ ಬಡಿಸಿದ ಕ್ಷಮೆ

ನಮ್ಮ ಮನೆಯಲ್ಲಿ ಕ್ಷಮೆ ಕೇಳುವುದಕ್ಕೆಂದೇ ಒಂದು ಪಾತ್ರೆ ಇದೆ: ಹಿತ್ತಾಳೆಯ ಸಣ್ಣ ತುಪ್ಪದ ಮಿಳ್ಳೆ. ಬೆಳಗ್ಗೆ ಅಮ್ಮ ಯಾರ ಮೇಲಾದರೂ ರೇಗಿದ್ದರೆ, ಮಧ್ಯಾಹ್ನ ಅವರ ತಟ್ಟೆಯ ಮೇಲೆ ಈ ಮಿಳ್ಳೆ ತುಸು ಹೆಚ್ಚಾಗಿಯೇ ಬಾಗುತ್ತದೆ; ಅಲ್ಲಿಗೆ ವ್ಯಾಜ್ಯ ಮುಗಿದಂತೆ. ‘ತಪ್ಪಾಯ್ತು’ ಎಂಬ ಒಂದು ಮಾತು ಸಖರಾಯಪಟ್ಟಣದ ಈ ಮನೆಯಲ್ಲಿ ಯಾರ ಬಾಯಿಂದಲೂ ಹೊರಟದ್ದನ್ನು ನಾನು ಕೇಳಿಲ್ಲ. ಅಪ್ಪ ಬೈದರೆ ಸಂಜೆ ಖಾರಾಬೂಂದಿಯ ಪೊಟ್ಟಣ ಬರುತ್ತದೆ. ತರೀಕೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದ ದಿನವೂ ನನಗೆ ಸಜ್ಜಿಗೆ, ಸೋತು ಅಳುತ್ತಾ ಬಂದ ದಿನವೂ ಸಜ್ಜಿಗೆ. ಸೋತದ್ದು ಹೇಗೆ, ನೊಂದದ್ದು ಎಲ್ಲಿ ಎಂದು ವಿಚಾರಿಸುವ ಕೆಲಸವನ್ನು ರವೆಯೂ ಸಕ್ಕರೆಯೂ ವಹಿಸಿಕೊಂಡಿದ್ದವು.

ಇದನ್ನೆಲ್ಲ ಯಾಕೆ ಎತ್ತಿದೆನೆಂದರೆ, ಗೆಳೆಯರೇ, ಹೋದ ವರ್ಷ ವೈದ್ಯರು ನನ್ನ ಜಠರದ ಬಹುಪಾಲನ್ನು ಕತ್ತರಿಸಿ ತೆಗೆದರು. ತೂಕ ನನ್ನ ಮಂಡಿಯನ್ನೂ ಉಸಿರನ್ನೂ ಹಿಂಡುತ್ತಿತ್ತು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತ್ತು. ಈಗ ಒಳಗೆ ಉಳಿದಿರುವುದು ಬಾಳೆಕಾಯಿಯಷ್ಟು ಸಪೂರವಾದ ಒಂದು ಚೀಲ. ಮೈ ಇಳಿಯಿತು, ಊರು ಬೆರಗಾಯಿತು. ಆದರೆ ಸಂಕಟವಾದಾಗ ಏನಾದರೂ ತಿನ್ನಬೇಕೆನಿಸುವ ಆ ಹಳೆಯ ಹಂಬಲ ಜಠರದಲ್ಲಿ ವಾಸವಾಗಿರಲಿಲ್ಲ. ಹಾಗಾಗಿ ಕತ್ತರಿಗೆ ಸಿಗಲಿಲ್ಲ. ಕಡೂರಿನಲ್ಲಿ ನಾನು ಕಿರಿಯ ವಕೀಲೆಯಾಗಿರುವ ಕಚೇರಿಯಲ್ಲಿ ಹಿರಿಯರು ಎಲ್ಲರೆದುರು ಗದರಿದರೆ, ಸಂಜೆ ನನ್ನ ಕಾಲುಗಳು ನನ್ನ ಅಪ್ಪಣೆ ಕೇಳದೆ ಬಸ್‌ ನಿಲ್ದಾಣದ ಬೇಕರಿಗೆ ನಡೆಯುತ್ತವೆ. ಮುದ್ದೆ ಎರಡು ತುತ್ತಿಗೆ ಎದೆಯಲ್ಲಿ ಕಲ್ಲಿನಂತೆ ನಿಲ್ಲುತ್ತದೆ, ನಿಜ. ಮೆತ್ತಗಿನ ಸಿಹಿಗೆ ಮಾತ್ರ ಯಾವ ತಡೆಯೂ ಇಲ್ಲ, ಸಲೀಸಾಗಿ ಜಾರಿಕೊಂಡು ಹೋಗುತ್ತದೆ. ಆಮೇಲೆ ಬೆವರು, ಎದೆಬಡಿತ, ತಲೆಸುತ್ತು. ಇಳಿದ ತೂಕ ಮೆಲ್ಲಮೆಲ್ಲನೆ ಮರಳತೊಡಗಿತ್ತು. ಹೀಗೇ ಮುಂದುವರಿದರೆ ಇಷ್ಟೆಲ್ಲ ಕೊಯ್ಸಿಕೊಂಡದ್ದೂ ವ್ಯರ್ಥವೆಂದು ವೈದ್ಯರು ಎಚ್ಚರಿಸಿದ್ದರು.

ಇದಕ್ಕೆ ಜನ ಕೊಟ್ಟಿರುವ ಹೆಸರು ಬಾಯಿಚಪಲ. ಈ ತೀರ್ಪಿಗೆ ನನ್ನ ಕಟುವಾದ ಆಕ್ಷೇಪಣೆ ಇದೆ. ನೋವಿಗೆ, ನಲಿವಿಗೆ, ಹೆದರಿಕೆಗೆ, ಬೇಸರಕ್ಕೆ, ಎಲ್ಲಕ್ಕೂ ತಟ್ಟೆಯನ್ನೇ ಮುಂದೊಡ್ಡಿ ಬೆಳೆಸಿದವರು, ಕಲಿಸಿದ ಪಾಠವನ್ನು ನಾನು ಚೆನ್ನಾಗಿ ಕಲಿತೆನೆಂದು ಈಗ ನನ್ನನ್ನೇ ಕಟಕಟೆಗೆ ಹತ್ತಿಸುತ್ತಾರಲ್ಲ, ಇದು ಯಾವ ಸೀಮೆಯ ನ್ಯಾಯ?

ಅಪ್ಪನ ಅಕ್ಕ ಜಯತ್ತೆ ಅಮೃತಾಪುರದಿಂದ ಬಂದಿದ್ದ ಭಾನುವಾರ ನಾನು ಒಂದು ರವೆಉಂಡೆ ಬಾಯಿಗಿಟ್ಟೆ. ಅವರು ನೆಂಟರ ನಡುವೆ ಕೂತು ಗಟ್ಟಿಯಾಗಿ ಅಂದರು: “ಹೊಟ್ಟೆ ಕೊಯ್ಸ್ಕಂಡ್ಳು, ಸರಿ. ಬಾಯಿ ಹೊಲಿಸ್ಕಳದು ಮರೆತ್ಬಿಟ್ಳು ನೋಡ್ರಪ್ಪ!” ಎಲ್ಲರೂ ನಕ್ಕರು. ಅದನ್ನು ಸಹಿಸಬಹುದಿತ್ತು. ಅಮ್ಮನೂ ನಕ್ಕಳು.

ಮರುದಿನ ಕಚೇರಿಯಿಂದ ಬಂದಾಗ ಮನೆಯೆಲ್ಲ ಏಲಕ್ಕಿಯ ಘಮ. ಅಮ್ಮ ಹಾಲುಬಾಯಿ ಮಾಡಿದ್ದಳು. ಅಕ್ಕಿಯನ್ನೂ ಕಾಯನ್ನೂ ನುಣ್ಣಗೆ ರುಬ್ಬಿ, ಬೆಲ್ಲದೊಂದಿಗೆ ಒಲೆಯ ಮೇಲಿಟ್ಟು, ರಟ್ಟೆ ಬೀಳುವಷ್ಟು ಹೊತ್ತು ತಿರುವಬೇಕಾದ ತಿಂಡಿ ಅದು; ನನಗೆ ಜೀವ, ನನ್ನ ಹೊಸ ಹೊಟ್ಟೆಗೆ ವಿಷ. ನಗುವಿಗೆ ಕೇಳಿದ ಕ್ಷಮೆ ಅದೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಹಿಂದೆಲ್ಲ ಇಂಥ ಕ್ಷಮೆಗಳನ್ನು ನಾನು ನುಂಗಿದ್ದೇನೆ, ನುಂಗಿ ನಡುಮನೆಯ ಚಾಪೆಯ ಮೇಲೆ ಬೆವರುತ್ತಾ ಬಿದ್ದುಕೊಂಡಿದ್ದೇನೆ. ಅಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

“ಇದು ಬೇಡಮ್ಮ. ನಕ್ಕಿದ್ದು ತಪ್ಪು ಅಂತ ಬಾಯಲ್ಲಿ ಹೇಳು, ಸಾಕು.”

“ಅದನ್ನ ಹೇಳಕ್ಕೇ ಅಲ್ವೇನೇ, ಮಧ್ಯಾಹ್ನದಿಂದ ಒಲೆ ಮುಂದೆ ಬೇಯ್ತಾ ಇರೋದು?”

“ಇದನ್ನ ತಿಂದ್ರೆ ನಾನು ಸಾಯ್ತೀನಿ ಕಣಮ್ಮ. ಮಾತಾದ್ರೆ ಜೀರ್ಣ ಆಗುತ್ತೆ.”

ಚರ್ಚಾವೇದಿಕೆಯಲ್ಲಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಒಲೆಯತ್ತ ತಿರುಗಿದಳು, ಅಷ್ಟೆ. ಕೈಕಾಲು ತೊಳೆದು ಬಂದು ನೋಡಿದರೆ, ಅಮ್ಮ ಗೋಡೆಗೆ ಒರಗಿ ಕೂತು ನಾನು ಸರಿಸಿದ ಹಾಲುಬಾಯಿಯನ್ನು ತುಂಡಿನ ಮೇಲೆ ತುಂಡು ತಿನ್ನುತ್ತಿದ್ದಳು. ಹಸಿವಿಲ್ಲ, ರುಚಿಯ ಕಡೆ ಗಮನವಿಲ್ಲ, ಕಣ್ಣು ಎಲ್ಲೋ ಇದೆ. ಕೈ ಮಾತ್ರ ತಟ್ಟೆಗೂ ಬಾಯಿಗೂ ಓಡಾಡುತ್ತಿದೆ. ಆ ಓಡಾಟವನ್ನು ನಾನು ಚೆನ್ನಾಗಿ ಬಲ್ಲೆ. ಬೇಕರಿಯ ಮೂಲೆಯಲ್ಲಿ ನಿಂತಾಗ ನನ್ನ ಕೈಯೂ ಹೀಗೇ ಇರುತ್ತದೆ.

ನನ್ನ ಸಿಟ್ಟು ಆರಲಿಲ್ಲ, ದಿಕ್ಕು ಬದಲಿಸಿತು. ಮನೆಮಂದಿಯ ಮುನಿಸಿಗೆಲ್ಲ ತುಪ್ಪ ಸುರಿದ ಈ ಹೆಂಗಸಿನ ತಟ್ಟೆಗೆ ಯಾರಾದರೂ ಎಂದಾದರೂ ಒಂದು ಹನಿ ಬಡಿಸಿದ್ದರೇ? ಅವಳು ಬೈಸಿಕೊಂಡ ದಿನವೂ ಅಡುಗೆ ಮಾಡಿದವಳು ಅವಳೇ. ಪಕ್ಕದಲ್ಲಿ ಕೂತು, ಬೆಲ್ಲದಂಟಿನ ಆ ಕೈಯನ್ನು ಹಿಡಿದು ನಿಲ್ಲಿಸಿದೆ. ಈ ಮನೆಯಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದೆ:

“ಯಾಕಮ್ಮ ನಕ್ಕೆ?”

ಅಮ್ಮ ತಟ್ಟೆಗೆ ಹೇಳುವವಳಂತೆ ಅಂದಳು: “ಹೆದ್ರಿಕೆ ಕಣೇ. ನಾನು ನಗ್ದೆ ಇದ್ರೆ ನಿಮ್ಮತ್ತೆ ಆಡ್ಕಳಕ್ಕೆ ನನ್ನ ಹಿಡ್ಕತಾಳೆ. ಮದ್ವೆಯಾಗಿ ಬಂದಾಗಿಂದ ಹಿಂಗೇ ನಕ್ಕಂಡು ಬಂದೀನಿ.”

ಆ ತಟ್ಟೆಯನ್ನು ನಾವಿಬ್ಬರೂ ಮತ್ತೆ ಮುಟ್ಟಲಿಲ್ಲ.

ಹಾಗಾದರೆ ಎಲ್ಲ ಸರಿಹೋಯಿತೇ, ತೂಕ ಇಳಿಯಿತೇ ಎಂದು ನೀವು ಕೇಳುತ್ತೀರಿ. ದಯವಿಟ್ಟು ಕೇಳಬೇಡಿ, ಕಂಡಕಂಡವರೆಲ್ಲ ಕೇಳುವ ಪ್ರಶ್ನೆ ಅದೊಂದೇ, ನನಗೆ ಸಾಕಾಗಿದೆ. ಬೇಕರಿ ಈಗಲೂ ಅಲ್ಲೇ ಇದೆ. ಕೆಲವು ಸಂಜೆ ನಾನು ಗೆಲ್ಲುತ್ತೇನೆ, ಕೆಲವು ಸಂಜೆ ಅದು ಗೆಲ್ಲುತ್ತದೆ. ಸೋತ ಸಂಜೆ ಮನೆಗೆ ಬಂದು, ಇಂದು ಇಂಥದ್ದಾಯಿತು ಎಂದು ಅಮ್ಮನಿಗೆ ಹೇಳುತ್ತೇನೆ. ಅವಳು ಅಭ್ಯಾಸಬಲದಿಂದ ಅಡುಗೆಮನೆಯತ್ತ ಎದ್ದವಳು, ನೆನಪಾಗಿ ಮತ್ತೆ ಕೂರುತ್ತಾಳೆ.

ಮೊನ್ನೆ ಜಯತ್ತೆ ಮತ್ತೆ ಬಂದಿದ್ದರು. ಊಟಕ್ಕೆ ಕೂತಾಗ ನನ್ನ ತಟ್ಟೆಯತ್ತ ಕತ್ತು ಚಾಚಿ, “ಏನೇ, ಇವತ್ತೇನು ಉಪವಾಸವೋ, ಇಲ್ಲ ಆಗ್ಲೇ ಕದ್ದು ತಿಂದ್ಕಂಡು ಬಂದ್ಯೋ?” ಅಂದರು. ನೆಂಟರು ನಗಲು ಸಿದ್ಧರಾದರು. ನಾನು ಅಮ್ಮನ ಮುಖ ನೋಡಿದೆ. ಅವಳು ಸೌಟನ್ನು ಸಾರಿನ ಪಾತ್ರೆಯೊಳಗೆ ಬಿಟ್ಟಳು.

“ಅವಳ ತಟ್ಟೆ ಅವಳು ನೋಡ್ಕತಾಳೆ, ಅಕ್ಕಾ,” ಅಂದಳು. “ನಿಮ್ಮ ಸಾರು ಆರಿ ಹೋಯ್ತಾ ಐತೆ, ಉಣ್ಣಿ.”

ಅತ್ತೆ ಉಂಡರು. ನಾನು ಎರಡು ತುತ್ತಿಗೇ ಸಾಕೆನಿಸಿ ಎದ್ದು ಕೈ ತೊಳೆದೆ.