ಬೆಂಕಿ ಐರ್ವಿನ್‌ಗೆ ಬರಬೇಕಾದ ಸಲಾಕೆ

ನಾಂಟ್‌ವೆರಿನ್ ಕಿರುಹಳಿ ರೈಲು ಸಂಗ್ರಹಾಲಯದವರು ಐರ್ವಿನ್ ಪ್ಯೂ ಎಂಬ ಮುದುಕನಿಗೆ ಒಂದು ಕಬ್ಬಿಣದ ಸಲಾಕೆ ಕೊಡಬೇಕಿದೆ. ಒಲೆಯ ಕೆಂಡ ಕೆದಕುವ ಸಲಾಕೆ. ಮೊಳಕ್ಕಿಂತ ತುಸು ಉದ್ದ, ಹಿಡಿಯ ಕಡೆ ಉಂಗುರದಂತೆ ಬಾಗಿದೆ, ತುದಿ ಕರ್ರಗೆ ಸುಟ್ಟಿದೆ. ಇವತ್ತಿನವರೆಗೂ ಕೊಟ್ಟಿಲ್ಲ, ಕೊಡುವ ಮಾತೂ ಆಡುತ್ತಿಲ್ಲ. ನಾನಿದನ್ನು ಬರೆಯುತ್ತಿರುವುದು ಯಾರ ಕಣ್ಣಲ್ಲೂ ನೀರು ತರಿಸಲಿಕ್ಕಲ್ಲ, ವಸೂಲಿಗೆ.

ಮೊದಲು ಆಸಾಮಿಯ ಪರಿಚಯ. ನಮ್ಮೂರಲ್ಲಿ ಅರ್ಧ ಜನ ಪ್ಯೂಗಳು, ಮಿಕ್ಕರ್ಧ ಜೋನ್ಸ್‌ಗಳು. ಹಾಗಾಗಿ ಯಾರ ಹೆಸರೂ ಒಂಟಿಯಾಗಿ ಬದುಕುವುದಿಲ್ಲ. ಹಾಲು ಹಾಕುವವನು ಹಾಲು ಜೋನ್ಸ್, ಹೆಣಕ್ಕೆ ಗುಂಡಿ ತೋಡುವವನು ಗುಂಡಿ ಪ್ಯೂ. ಐರ್ವಿನ್‌ಗೆ ಬೆಂಕಿ ಐರ್ವಿನ್ ಎಂದು ಹೆಸರು ಬಿದ್ದದ್ದು ಎಂಬತ್ತರ ದಶಕದಲ್ಲಿ, ಸ್ಲೇಟುಕಲ್ಲು ತೆಗೆಯುವ ನಮ್ಮ ಕ್ವಾರಿಯ ಮುಷ್ಕರ ನಡೆದಾಗ. ಮಾಲೀಕರು ಗೇಟಿಗೆ ಬೀಗ ಜಡಿದಿದ್ದರು. ನಾವು ಗೇಟಿನ ಹೊರಗೆ ಎಣ್ಣೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಆ ಇಡೀ ಚಳಿಗಾಲ ಕೂತೆವು. ಭಾಷಣ ಮಾಡಲಿಕ್ಕೆ ಬೇಕಾದಷ್ಟು ಜನ ಇದ್ದರು. ಮಳೆ ಬಂದರೂ ಹಿಮ ಬಿದ್ದರೂ ಆ ಬೆಂಕಿ ಆರದಂತೆ ನೋಡಿಕೊಂಡವನು ಇವನೊಬ್ಬ. ಭಾಷಣ ಮಾಡಿದವರನ್ನು ಊರು ಮರೆತಿದೆ. ನಾನೂ ಮಾಡಿದ್ದೆ, ನನ್ನನ್ನೂ ಮರೆತಿದೆ. ಬೆಂಕಿ ಐರ್ವಿನ್‌ನ ಹೆಸರು ಮಾತ್ರ ಹಾಗೇ ಉಳಿದಿದೆ.

ಸಲಾಕೆ ಹುಟ್ಟಿದ್ದೂ ಆಗಲೇ. ಬೆಂಕಿ ಕೆದಕಲಿಕ್ಕೆ ಏನೂ ಇಲ್ಲವೆಂದು ಐರ್ವಿನ್ ಬೀಗ ಹಾಕಿದ ಅದೇ ಗೇಟಿನ ಒಂದು ಸರಳನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ. ಡ್ರಮ್ಮಿನ ಕೆಂಡದಲ್ಲೇ ಕಾಯಿಸಿ, ಕಲ್ಲಿನ ಮೇಲಿಟ್ಟು ಬಡಿದು ಹಿಡಿ ಬಾಗಿಸಿದ. ಒಳಗೆ ಬಿಡದಿದ್ದರೆ ಗೇಟನ್ನೇ ಹೊರಗೆ ತರೋಣ ಎಂದು ನಕ್ಕಿದ್ದೆವು. ಮುಷ್ಕರ ಸೋತಿತು, ಕೆಲವೇ ವರ್ಷಗಳಲ್ಲಿ ಕ್ವಾರಿಯೂ ಮುಚ್ಚಿತು.

ಆಮೇಲೆ ಉಳಿ ಹಿಡಿದು ಗೊತ್ತಿಲ್ಲದ ಮಹನೀಯರು ಬಂದು ಕ್ವಾರಿಯ ಪುಟಾಣಿ ರೈಲನ್ನು ಕೊಂಡು, ಒರೆಸಿ, ಬಣ್ಣ ಬಳಿದು, ಪರಂಪರೆ ಎಂದು ಬೋರ್ಡು ಹಾಕಿದರು. ಇಂಜಿನ್ನಿನ ಹೆಸರು ಮಿಸ್ ಹೆನ್ರಿಯೆಟ್ಟಾ, ಮಾಲೀಕನ ಮುತ್ತಜ್ಜನ ಮಗಳದು. ಕೆಲಸವಿದ್ದಾಗ ನಾವು ಆ ಹೆಸರಿನ ಕಡೆ ತಿರುಗಿಯೂ ಉಗುಳುತ್ತಿರಲಿಲ್ಲ. ಈಗ ಅವಳ ಹಿತ್ತಾಳೆಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಹೊಳೆಯಿಸುತ್ತೇವೆ, ಅದೂ ಬಿಟ್ಟಿಯಾಗಿ. ಮರ್ಯಾದಸ್ಥರು ಇದನ್ನು ಸ್ವಯಂಸೇವೆ ಅನ್ನುತ್ತಾರೆ.

ಈಸ್ಟರ್‌ನಿಂದ ಶರತ್ಕಾಲದವರೆಗೆ ಪ್ರವಾಸಿಗರು ಬರುತ್ತಾರೆ, ರೈಲು ಓಡುತ್ತದೆ, ಫೋಟೋ ತೆಗೆಯುತ್ತಾರೆ. ಅಸಲಿ ಕೆಲಸ ಇರುವುದು ಚಳಿಗಾಲದಲ್ಲಿ. ಚರಂಡಿ ಬಿಡಿಸಬೇಕು, ಮುಳ್ಳುಕಂಟಿ ಸವರಬೇಕು, ಹಳಿಯಡಿಯ ಕೊಳೆತ ಸ್ಲೀಪರು ದಿಮ್ಮಿ ತೆಗೆದು ಹೊಸದು ಹಾಕಬೇಕು. ಅದಕ್ಕೆ ಮಂಗಳವಾರದ ಗುಂಪು ಎಂದು ನಮ್ಮದೊಂದು ಪಡೆ. ಮೇಸ್ತ್ರಿ ಐರ್ವಿನ್. ಮೂವತ್ತು ವರ್ಷ ಊರ ಬಸ್ಸು ಓಡಿಸಿ ಈಗ ಇಂಜಿನ್ ಓಡಿಸುವ ಗ್ಲೆನಿಸ್ ನಮ್ಮ ಬಾಯಿ. ಕೂಲಿ ಏನೆಂದರೆ ಗ್ಲೆನಿಸ್ ಮನೆಯಲ್ಲಿ ಮಾಡಿ ತರುವ ಒಣದ್ರಾಕ್ಷಿ ಬ್ರೆಡ್ಡಿನ ಒಂದು ಹೋಳು, ಮೇಲೆ ಬೆಣ್ಣೆ, ಜೊತೆಗೆ ಚಹಾ. ಹಳಿಯ ಪಕ್ಕದ ಕಲ್ಲು ಗುಡಿಸಲಿನಲ್ಲಿ ಒಂದು ಕಬ್ಬಿಣದ ಒಲೆ ಇದೆ. ಆಗೆಲ್ಲ ಆ ಒಲೆಗೆ ಐರ್ವಿನ್ ಬಿಟ್ಟು ಬೇರೆಯವರು ಕೈ ಹಾಕುವ ಹಾಗಿರಲಿಲ್ಲ. ಅವನ ಸಲಾಕೆ ಇರುತ್ತಿದ್ದದ್ದೂ ಅದರ ಪಕ್ಕದಲ್ಲೇ.

ಹೋದ ಶರತ್ಕಾಲದಲ್ಲಿ ಲೌರಿ ಬಂದಳು. ಕಾರ್ಡಿಫ್‌ನಲ್ಲಿ ಓದಿದ ಹುಡುಗಿ, ಸಂಗ್ರಹಾಲಯದ ಹೊಸ ಮೇಲ್ವಿಚಾರಕಿ. ಒಳ್ಳೆಯ ಮನಸ್ಸಿನವಳೇ, ಆದರೆ ಕಂಡದ್ದಕ್ಕೆಲ್ಲ ನಂಬರು ಕಟ್ಟುವ ಚಟ. ಅಂಗಳದಲ್ಲಿ ಬಿದ್ದಿದ್ದ ಕಬ್ಬಿಣದ ತುಂಡುಗಳಿಗೆಲ್ಲ ಒಂದೊಂದು ಚೀಟಿ ಬಂತು. ಅವಳ ಎದುರು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ನಮಗೂ ಕಟ್ಟುತ್ತಾಳೆಂದು ನಾವು ಕಾಲು ಬದಲಿಸುತ್ತ ನಿಲ್ಲುತ್ತಿದ್ದೆವು.

ಒಂದು ಮಂಗಳವಾರ ಬಂದು ನೋಡಿದರೆ ಗುಡಿಸಲಲ್ಲಿ ಸಲಾಕೆ ಇಲ್ಲ. ಹುಡುಕುತ್ತ ಹೋದರೆ ಸಂಗ್ರಹಾಲಯದ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ದೀಪದ ಬೆಳಕಲ್ಲಿ ಮಲಗಿದೆ. ಕೆಳಗೆ ಚೀಟಿ: ಕ್ವಾರಿ ಕಾರ್ಮಿಕರ ಗುಡಿಸಲಿನ ಒಲೆಸಲಾಕೆ, ಸುಮಾರು ೧೮೯೦.

"ಇದು ನಂದಲ್ವೇನೇ?" ಅಂದ ಐರ್ವಿನ್.

"ನಿಂದೇ ಕಣೋ," ಅಂದಳು ಗ್ಲೆನಿಸ್. "ಹೀಗೇ ಬಾಯಿ ಬಿಟ್ಕೊಂಡು ನಿಂತಿರು, ಪಕ್ಕದಲ್ಲಿ ನಿನ್ನೂ ಮಲಗಿಸ್ತಾರೆ."

ಐರ್ವಿನ್ ಲೌರಿಯ ಹತ್ತಿರ ಹೋದ. ನಾವೂ ಹಿಂದೆ ಹೋದೆವು, ಮೋಜು ತಪ್ಪಬಾರದಲ್ಲ.

"ಮಗಳೇ, ಆ ಸಲಾಕೆ ನಂಗೆ ಬೇಕಿತ್ತಮ್ಮ. ಒಲೆ ಹತ್ತಿಸ್ಬೇಕು."

"ಅಯ್ಯೋ ಮಿಸ್ಟರ್ ಪ್ಯೂ, ಅದೆಷ್ಟು ಹಳೇದು ಗೊತ್ತಾ ನಿಮಗೆ? ನೂರು ವರ್ಷ ದಾಟಿದೆ. ಹಿಡಿ ಬಗ್ಗಿಸಿರೋ ರೀತಿ ನೋಡಿ, ಆಗಿನ ಕಮ್ಮಾರರ ಕೈಕೆಲಸ."

ಐರ್ವಿನ್ ಹಿಡಿಯ ಕಡೆ ಬಗ್ಗಿ ನೋಡಿದ. ತನ್ನದೆಂದು ಹೇಳಿದರೆ ಗೇಟಿನ ಸರಳು ಕಿತ್ತದ್ದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆಗಿನ ಕಮ್ಮಾರರ ಕೈಕೆಲಸ ಎಂಬ ಮಾತು ಮುದುಕನಿಗೆ ಒಳಗೊಳಗೇ ಖುಷಿ ಕೊಟ್ಟಿತ್ತು.

"ಚಳಿಗಾಲ ಮುಗಿಯೋ ತನಕ ಕಡ ಕೊಡಮ್ಮ," ಅಂದ.

"ನಂಬರ್ ಹಾಕಿದ್ಮೇಲೆ ಒಲೆಗೆ ಕೊಡೋಕಾಗಲ್ಲ. ಸಮಿತಿ ಒಪ್ಪಬೇಕು."

ಹೊರಗೆ ಬಂದ ಮೇಲೆ ಗ್ಲೆನಿಸ್, "ನಮ್ಮನೇದು ಒಂದು ಹಳೇ ಸಲಾಕೆ ಇದೆ, ತಂದ್ಕೊಡ್ತೀನಿ ಬಿಡು," ಅಂದಳು.

"ಬೇಡ. ಬೇರೆ ತಂದ್ರೆ ಅದನ್ನ ಬಿಟ್ಕೊಟ್ಟ ಹಾಗೆ."

ಮುಷ್ಕರದಲ್ಲಿ ಕೂತು ಬಂದವನ ತಲೆ ಅದು. ಅರ್ಧಕ್ಕೆ ಒಪ್ಪಿಕೊಂಡರೆ ಪೂರ್ತಿ ಹೋಗುತ್ತದೆಂದು ಆಗ ನಾವೇ ಅವನಿಗೆ ಕಲಿಸಿದ್ದೆವು.

ಅದೇ ಹೊತ್ತಿಗೆ ಇನ್ನೊಂದು ಸಂಕಟ ಬಂತು. ಸಮಿತಿಯ ಅಧ್ಯಕ್ಷ ಪ್ರಾಥೆರೋ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತನಾದವನು. ಮಳೆ ಇಲ್ಲದಾಗಲೂ ಕೊಡೆ ಹಿಡಿದೇ ನಡೆಯುತ್ತಾನೆ. ಅವನು ಗುಡಿಸಲಿಗೆ ಬಂದು, ವಿಮೆಯವರು ತಕರಾರು ಮಾಡುತ್ತಿದ್ದಾರೆ, ಎಪ್ಪತ್ತೈದು ದಾಟಿದವರು ಇನ್ನು ಹಳಿಯ ಮೇಲೆ ಇಳಿಯುವ ಹಾಗಿಲ್ಲ ಎಂದ. ಗುಂಪಿನಲ್ಲಿ ಎಪ್ಪತ್ತೈದು ದಾಟಿದವನು ಐರ್ವಿನ್ ಒಬ್ಬನೇ.

"ನಿಮ್ಮನ್ನೇನು ಮನೆಗೆ ಕಳಿಸ್ತಿಲ್ಲ ಪ್ಯೂ. ಅಂಗಡೀಲಿ ಕೂತ್ಕೊಳ್ಳಿ. ಬೆಚ್ಚಗಿರುತ್ತೆ."

ಅಂಗಡಿ ಅಂದರೆ ಟಿಕೆಟ್ ಕೌಂಟರಿನ ಪಕ್ಕದ ಕೋಣೆ. ಅಲ್ಲಿ ಮಿಸ್ ಹೆನ್ರಿಯೆಟ್ಟಾಳ ಚಿತ್ರ ಅಚ್ಚು ಹಾಕಿದ ಪಾತ್ರೆ ಒರೆಸುವ ಬಟ್ಟೆ ಮಾರುತ್ತಾರೆ. ಕೋಣೆ ಬೆಚ್ಚಗಿರುವುದು ನಿಜ, ಕರೆಂಟಿನ ಹೀಟರು. ಅದರಲ್ಲಿ ಬೆಂಕಿಯೇ ಇಲ್ಲ. ಐರ್ವಿನ್‌ನ ಮುಖ ಸ್ಲೇಟಿನ ಬಣ್ಣಕ್ಕೆ ತಿರುಗಿತು.

"ನಾನು ಸಾಯೋದಾದ್ರೆ ಹಳಿ ಮೇಲೆ ಸಾಯ್ತೀನಿ ಸಾರ್. ಆ ಬಟ್ಟೆ ಮಡಚ್ತಾ ಸಾಯಲ್ಲ."

"ಅದನ್ನೇ ವಿಮೆಯವರು ಬೇಡ ಅಂತಿರೋದು," ಅಂದ ಪ್ರಾಥೆರೋ.

ಅವನ ಜೊತೆ ಬಂದಿದ್ದ ಲೌರಿ ನಡುವೆ ಬಾಯಿ ಹಾಕದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಿಂದೆ ಸ್ಲೇಟು ತೂಗುತ್ತಿದ್ದ ಹಳೆಯ ತೂಕದ ಮನೆಗೆ ಹೋಗುವ ಕವಲುಹಳಿಯನ್ನು ಐರ್ವಿನ್‌ನ ಗುಂಪು ಈಸ್ಟರ್ ಒಳಗೆ ಹೊಸದಾಗಿ ಹಾಸಲಿ, ಇಂಜಿನ್ ಅದರ ಮೇಲೆ ಸಲೀಸಾಗಿ ಓಡಿದರೆ ಸಮಿತಿ ವಿಮೆಯವರ ಹತ್ತಿರ ಅವನ ಪರವಾಗಿ ಮಾತಾಡಲಿ, ಇಲ್ಲದಿದ್ದರೆ ಅಂಗಡಿ ಎಂದು ಅವಳು ಒಪ್ಪಂದ ಮಾಡಿಸಿದಳು. ಪ್ರಾಥೆರೋ ಕೊಡೆಯ ತುದಿಯಿಂದ ನೆಲ ಕುಟ್ಟಿ ಆಗಲಿ ಅಂದ.

ಹಳಿ ಹಾಸುವುದು ಹೀಗೆ: ಒಂದು ಹಳಿಯನ್ನು ಸ್ಲೀಪರಿಗೆ ಬಿಗಿಯಾಗಿ ಹೊಡೆಯಬೇಕು. ಅದಕ್ಕೆ ತಾಗಿಸಿ ಅಡ್ಡಲಾಗಿ ಅಳತೆಕೋಲು ಇಡಬೇಕು. ಎರಡನೇ ಹಳಿಯನ್ನು ಕೋಲಿನ ಇನ್ನೊಂದು ತುದಿಗೆ ಮುಟ್ಟುವಷ್ಟು ಸರಿಸಿ ಮೊಳೆ ಹೊಡೆಯಬೇಕು. ಶೆಡ್ಡಿನಲ್ಲಿ ಉಕ್ಕಿನ ಅಳತೆಕೋಲು ಇತ್ತು, ಆದರೆ ಹಿಮ ಬಿದ್ದ ಬೆಳಿಗ್ಗೆ ಅದನ್ನು ಹಿಡಿದರೆ ಅಂಗೈ ಅಂಟಿಕೊಳ್ಳುತ್ತದೆ. ನಾವು ಮರದ್ದನ್ನೇ ಬಳಸುತ್ತಿದ್ದೆವು. ಕೆಲಸ ಮುಗಿದ ಮೇಲೆ ಅದು ಒಲೆಯ ಪಕ್ಕ ಗೋಡೆಗೆ ಒರಗಿರುತ್ತಿತ್ತು.

ಇನ್ನು ಏನಾಯಿತೆಂದು ನೀವು ಊಹಿಸಿರುತ್ತೀರಿ. ನಾವು ಊಹಿಸಲಿಲ್ಲ. ಐರ್ವಿನ್ ಮೊದಲ ಸಲ ಆ ಕೋಲಿನಿಂದ ಕೆಂಡ ಕೆದಕಿದಾಗ ಕೈಗೆ ಸಿಕ್ಕಿತು ಎಂದು ಕೆದಕಿದ. ಎರಡನೇ ಸಲ, ಹೋದ ವಾರವೂ ಇದೇ ತಾನೇ ಎಂದು. ಆಮೇಲೆ ಅದೇ ಅಭ್ಯಾಸವಾಯಿತು. ಅವನು ಚೊಕ್ಕ ಕೆಲಸದವನು, ಕೆದಕಿದ ಮೇಲೆ ಸುಟ್ಟ ತುದಿಯನ್ನು ಚಾಕುವಿನಿಂದ ಹೆರೆದು ಚಪ್ಪಟೆ ಮಾಡಿಯೇ ಇಡುತ್ತಿದ್ದ. ನಾವೆಲ್ಲ ಬೆಣ್ಣೆ ಹಚ್ಚಿದ ಬ್ರೆಡ್ಡು ಅಗಿಯುತ್ತ ನೋಡುತ್ತ ಕೂತಿರುತ್ತಿದ್ದೆವು. ಒಲೆಯ ಹತ್ತಿರ ಅದು ಒಲೆಯ ಕೋಲು, ಹಳಿಯ ಹತ್ತಿರ ಹಳಿಯ ಕೋಲು. ಎರಡೂ ಒಂದೇ ಕೋಲು ಎಂದು ಒಬ್ಬರ ತಲೆಗೂ ಹೋಗಲಿಲ್ಲ.

ಮಾರ್ಚಿನಲ್ಲಿ ಕವಲುಹಳಿ ಮುಗಿಯಿತು. ನೋಡಲಿಕ್ಕೆ ಬಾಚಿದ ತಲೆಯ ಹಾಗಿತ್ತು. ಪರೀಕ್ಷೆಯ ದಿನ ಐರ್ವಿನ್ ಟೈ ಕಟ್ಟಿಕೊಂಡು ಬಂದ. ಗ್ಲೆನಿಸ್ ಇಂಜಿನ್ ಮೇಲೆ, ಹಿಂದಿನ ಒಂದೇ ಡಬ್ಬಿಯಲ್ಲಿ ಪ್ರಾಥೆರೋ, ತೊಡೆಯ ಮೇಲೆ ಚಹಾದ ಫ್ಲಾಸ್ಕು. ಲೌರಿ ಮತ್ತು ನಾವು ಪಕ್ಕದಲ್ಲಿ ನಡೆಯುತ್ತ ಹೊರಟೆವು. ಮಿಸ್ ಹೆನ್ರಿಯೆಟ್ಟಾ ಮದುವೆಯ ಹೆಣ್ಣಿನ ಹಾಗೆ ಕವಲಿಗೆ ತಿರುಗಿದಳು. ಮೊದಲರ್ಧ ಸಲೀಸು. ಐರ್ವಿನ್ ಪ್ರಾಥೆರೋನ ಕಡೆ ನೋಡಿ ಟೈ ಸರಿಮಾಡಿಕೊಂಡ. ಅಷ್ಟರಲ್ಲಿ ಚಕ್ರಗಳಿಂದ ಹಂದಿ ಹಿಡಿದಂಥ ಕಿರುಚಾಟ ಎದ್ದಿತು. ಇಂಜಿನ್ ಇನ್ನೊಂದಿಷ್ಟು ದೂರ ತೆವಳಿ, ಬಿಗಿಯಾದ ಬೂಟಿನಲ್ಲಿ ಕಾಲು ಸಿಕ್ಕಿದ ಹಾಗೆ ನಿಂತಿತು. ಗ್ಲೆನಿಸ್ ಒಂದು ಚೂರು ಹಬೆ ಹೆಚ್ಚಿಸಿದಳು. ಮುಂದಿನ ಒಂದು ಚಕ್ರ ಮೆಲ್ಲಗೆ ಹಳಿಯ ಮೇಲೆ ಹತ್ತಿ ಕೂತಿತು. ಪ್ರಾಥೆರೋನ ಚಹಾ ಅವನ ಪ್ಯಾಂಟಿನ ಮೇಲೆ ಇಳಿಯಿತು.

ಗ್ಲೆನಿಸ್ ಕೆಳಗಿಳಿದು ಅಳತೆಕೋಲು ತಂದು ಇಂಜಿನ್ನಿನ ಎದುರಿನ ಹಳಿಗಳ ನಡುವೆ ಇಟ್ಟಳು. ಸರಿಯಾಗಿ ಕೂತಿತು. ಕವಲು ಶುರುವಾಗುವ ಕಡೆಗೆ ನಡೆದು ಅಲ್ಲಿ ಇಟ್ಟಳು. ಕೋಲು ಸೀದಾ ನೆಲಕ್ಕೆ ಬಿತ್ತು.

"ಐರ್ವಿನ್," ಅಂದಳು, "ನಿನ್ನ ಹಳಿ ಹೋಗ್ತಾ ಹೋಗ್ತಾ ಸಣ್ಣ ಆಗಿದೆ ಮಾರಾಯ. ಇನ್ನೊಂದು ಫರ್ಲಾಂಗ್ ಹಾಸಿದ್ರೆ ಒಂದೇ ಹಳಿ ಆಗೋದು."

ಲೌರಿ ಕೋಲನ್ನು ಎತ್ತಿ ತುದಿ ಮೂಸಿದಳು. "ಇದು ಸುಟ್ಟು ಗಿಡ್ಡ ಆಗಿದೆ."

"ಒಲೆ ಕೆದಕಿದೆ," ಅಂದ ಐರ್ವಿನ್.

"ಅಳತೆಕೋಲಲ್ಲಿ?" ಅಂದ ಪ್ರಾಥೆರೋ, ಪ್ಯಾಂಟು ಒರೆಸಿಕೊಳ್ಳುತ್ತ.

"ನನ್ನ ಸಲಾಕೆ ನಿಮ್ಮ ಗಾಜಿನ ಪೆಟ್ಟಿಗೇಲಿದೆಯಲ್ಲ, ಸಾರ್."

"ಅದು ೧೮೯೦ರದು, ಮಿಸ್ಟರ್ ಪ್ಯೂ," ಅಂದಳು ಲೌರಿ, ಆದರೆ ಅವಳ ದನಿ ಆಗಲೇ ಅರ್ಧ ಇಳಿದಿತ್ತು.

"ಅದು ಮುಷ್ಕರದ ಕಾಲದ್ದು, ಮಗಳೇ. ಕ್ವಾರಿ ಗೇಟಿನ ಸರಳು. ನಾನೇ ಕಿತ್ತಿದ್ದು, ನಾನೇ ಬಗ್ಗಿಸಿದ್ದು. ಬೇಕಾದ್ರೆ ಹೋಗಿ ನೋಡು, ಗೇಟಲ್ಲಿ ಎಡಗಡೆಯಿಂದ ಮೂರನೇದು ಇಲ್ಲ."

ಲೌರಿಯ ಕಿವಿ ಕೆಂಪಾಯಿತು. ಪ್ರಾಥೆರೋ, ಹಳಿ ಸರಿಯಾಗಿ ಓಡದಿದ್ದರೆ ಅಂಗಡಿ ಎಂದು ಮಾತಾಗಿತ್ತು ಅಂದ. ಮಾತಾಗಿದ್ದು ಈಸ್ಟರ್ ಒಳಗೆ ಎಂದು, ಈಸ್ಟರ್ ಇನ್ನೂ ಬಂದಿಲ್ಲ ಅಂದಳು ಗ್ಲೆನಿಸ್. ಬಸ್ಸು ಓಡಿಸಿದವಳ ಹತ್ತಿರ ಚಿಲ್ಲರೆ ವಾದ ಯಾರೂ ಗೆದ್ದದ್ದಿಲ್ಲ. ಉಕ್ಕಿನ ಕೋಲು ಹಿಡಿದು, ಕೈಗೆ ಚಿಂದಿ ಸುತ್ತಿಕೊಂಡು, ಮಂಗಳವಾರ ಯಾವುದು ಭಾನುವಾರ ಯಾವುದು ಎಂದು ನೋಡದೆ ಮೊಳೆ ಕಿತ್ತು ಮತ್ತೆ ಹೊಡೆದೆವು. ಈಸ್ಟರ್‌ಗೆ ಹಿಂದಿನ ದಿನ ಮಿಸ್ ಹೆನ್ರಿಯೆಟ್ಟಾ ತೂಕದ ಮನೆ ಮುಟ್ಟಿ ವಾಪಸ್ ಬಂದಳು.

ಐರ್ವಿನ್ ಅಂಗಡಿಗೆ ಹೋಗಲಿಲ್ಲ. ಸಮಿತಿ ಮಾತು ಉಳಿಸಿಕೊಂಡಿತು, ವಿಮೆಯವರು ಒಪ್ಪಿದರು. ಒಂದೇ ಒಂದು ಷರತ್ತು: ಅವನು ಹಳಿಯ ಮೇಲೆ ಇರಬಹುದು, ಒಲೆಯ ಹತ್ತಿರ ಸುಳಿಯಬಾರದು. ಈಗ ಒಲೆ ಗ್ಲೆನಿಸ್‌ಳದು. ಅವಳು ಬೆಂಕಿ ಹಚ್ಚಿದರೆ ಗುಡಿಸಲೆಲ್ಲ ಹೊಗೆ, ನಾವು ಹೊರಗೆ ನಿಂತು ಚಹಾ ಕುಡಿಯುತ್ತೇವೆ. ಬೆಂಕಿ ಐರ್ವಿನ್ ಬಾಗಿಲಲ್ಲಿ ನಿಂತು, "ಕೆಳಗಿನ ಕಿಂಡಿ ತೆಗಿಯೇ, ಉಸಿರು ಕಟ್ತಿದೆ ಅದಕ್ಕೆ," ಎಂದು ಗೋಗರೆಯುತ್ತಾನೆ. ಕೈ ಜೇಬಿನಲ್ಲೇ ಇರುತ್ತದೆ.

ಸಲಾಕೆಯ ಗತಿ ಕೇಳಿ. ಸುಳ್ಳು ಚೀಟಿಯನ್ನು ಲೌರಿ ತಾನೇ ತೆಗೆದಳು, ಆ ಮಟ್ಟಿಗೆ ಹುಡುಗಿಗೆ ಬೆನ್ನೆಲುಬಿದೆ. ಇನ್ನೇನು ಸಿಕ್ಕೇಬಿಟ್ಟಿತು ಎಂದು ಐರ್ವಿನ್ ಸಂಚಿಯನ್ನೂ ತಂದಿದ್ದ. ಆದರೆ ಸಮಿತಿಯವರು ಹೊಸ ಚೀಟಿ ಬರೆಸಿದರು: ಕ್ವಾರಿ ಮುಷ್ಕರದ ಸಲಾಕೆ, ಗೇಟಿನ ಸರಳಿನಿಂದ ಮಾಡಿದ್ದು, ಬಹಳ ಅಪರೂಪ. ಮೊದಲು ಬರೀ ಹಳೆಯದಾಗಿತ್ತು, ಈಗ ಚರಿತ್ರೆಯಾಗಿದೆ, ಆದ್ದರಿಂದ ಕೊಡುವ ಪ್ರಶ್ನೆಯೇ ಇಲ್ಲವಂತೆ. ಪಕ್ಕದಲ್ಲಿ ಸುಟ್ಟ ಅಳತೆಕೋಲನ್ನೂ ಇಟ್ಟಿದ್ದಾರೆ. ಅಂದು ನಮ್ಮನ್ನು ಗೇಟಿನ ಹೊರಗಿಟ್ಟರು. ಇಂದು ಗೇಟಿನ ಸರಳನ್ನು ಗಾಜಿನ ಒಳಗಿಟ್ಟು, ಅದನ್ನು ನೋಡಲಿಕ್ಕೆ ಟಿಕೆಟ್ ತೆಗೆದುಕೊಳ್ಳಿ ಅನ್ನುತ್ತಿದ್ದಾರೆ.

ಈಗ ನಿಮಗೆ ಹೇಳುವುದು. ಬೇಸಿಗೆಯಲ್ಲಿ ನೀವು ಮಕ್ಕಳನ್ನು ಕರೆದುಕೊಂಡು ನಮ್ಮ ರೈಲು ನೋಡಲಿಕ್ಕೆ ಬರುತ್ತೀರಿ. ಬನ್ನಿ. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಅಯ್ಯೋ ಪಾಪ ಎಂದು ಫೋಟೋ ತೆಗೆದು ಹೋಗಬೇಡಿ. ಕೌಂಟರಿಗೆ ಹೋಗಿ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ, ಐರ್ವಿನ್ ಪ್ಯೂನ ಸಲಾಕೆ ಯಾವಾಗ ಕೊಡುತ್ತೀರಿ ಎಂದು ಕೇಳಿ. ಉತ್ತರ ಬರುವ ತನಕ ಒಂದೇ ಒಂದು ಪಾತ್ರೆ ಒರೆಸುವ ಬಟ್ಟೆಯನ್ನೂ ಕೊಳ್ಳಬೇಡಿ. ಚಳಿಗಾಲದಲ್ಲಿ ಕೈ ಖಾಲಿ ಇದ್ದರೆ ಯಾವುದಾದರೂ ಮಂಗಳವಾರ ಗುಡಿಸಲಿಗೆ ಬನ್ನಿ, ಕೈಗವಸು ನಿಮ್ಮದೇ ತನ್ನಿ. ಬರುವಾಗ ಐರ್ವಿನ್‌ಗೆಂದು ಬೇರೆ ಸಲಾಕೆ ತರಬೇಡಿ. ಅವನದನ್ನು ಕೊಡಿಸಿ.