ಸ್ಟಾರ್ಟರ್ ಇಲ್ಲದ ಕಾರು

ಅವರ ಬಲಗೈಯ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಹಳೆಯ ಜೀಪೊಂದಕ್ಕೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಮ್ಮೆಟ್ಟಿ ಹೊಡೆದು ಮುರಿದ ಬೆರಳದು. ಬಂಗಾರಪೇಟೆಯ ರೈಲ್ವೆ ನಿಲ್ದಾಣದ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕನ್ನಡದಲ್ಲಿ ಮಾತು ತೆಗೆದು, ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಸಮಾಧಾನ ಹೇಳುವುದು ಅವರ ಕ್ರಮ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು.

ನಾನು ಕೊಂಡಿದ್ದ, ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯ ಮೋಟಾರೂ ಇರುವ ಹಳೆಯ ಹೈಬ್ರಿಡ್ ಕಾರು ಒಂದು ಬೆಳಿಗ್ಗೆ ಚಾಲೂ ಆಗಲಿಲ್ಲ. ದೀಪಗಳು ಮಂಕಾಗಿ ಹೊತ್ತಿದವು, ಅಷ್ಟೆ. ಮೇಸ್ತ್ರಿ ರೂಢಿಯಂತೆ ನಾಲ್ವರು ಆಟೊ ಚಾಲಕರನ್ನು ಕರೆದು ಇಳಿಜಾರಿನಲ್ಲಿ ತಳ್ಳಿಸಿದರು. ಎಂಜಿನ್ ಉಸಿರೆತ್ತಲಿಲ್ಲ. ಕಾರಿನಡಿಗೆ ನುಸುಳಿ, ಎಂಜಿನ್ನಿಗೆ ಮೊದಲ ಸುತ್ತು ಕೊಡುವ ಸ್ಟಾರ್ಟರ್ ಮೋಟಾರನ್ನು ಹುಡುಕಿದರು; ಸಿಗಲಿಲ್ಲ.

"ಏನ್ ಮೇಸ್ತ್ರಿ, ಸ್ಟಾರ್ಟರನ್ನ ಇಲಿ ಎತ್ಕೊಂಡ್ ಓಯ್ತಾ?" ಎಂದ ಒಬ್ಬ ಚಾಲಕ. ಉಳಿದವರು ನಕ್ಕರು.

ಮೇಸ್ತ್ರಿ ಕೀಲಿಯನ್ನು ನನ್ನ ಕೈಗಿತ್ತರು. "ಸ್ಟಾರ್ಟರ್ ಎಲ್ಲೈತೆ ಅಂತ ತಿಳೀದೋನು ಅಂಗಡಿ ಯಾಕ್ ಇಟ್ಕೋಬೇಕು ಟೀಚರಮ್ಮಾ? ಬಾಗ್ಲು ಆಕ್ಬಿಡ್ತೀನಿ." ಅದು ಬಾಯಿಮಾತಾಗಿರಲಿಲ್ಲ, ಮರುದಿನ ಗ್ಯಾರೇಜು ತೆರೆಯಲಿಲ್ಲ.

ಮೂರನೆಯ ದಿನ ಅವರೇ ಮನೆಗೆ ಬಂದರು. ಕೋಲಾರದ ಪರಿಚಿತರೊಬ್ಬರಿಂದ ಜೆರಾಕ್ಸ್ ಮಾಡಿಸಿ ತಂದ ಆ ಕಾರಿನ ರಿಪೇರಿ ಪುಸ್ತಕ ಕಂಕುಳಲ್ಲಿತ್ತು. "ನಂಗೆ ಇಂಗ್ಲೀಸ್ ಬರಲ್ಲ. ಸ್ವಲ್ಪ ಓದಿ ಯೋಳ್ತೀರಾ?"

ನಾನು ಒಂದೊಂದೇ ವಾಕ್ಯವನ್ನು ಅಚ್ಚುಕಟ್ಟಾದ ಕನ್ನಡಕ್ಕೆ ತಿರುಗಿಸುತ್ತ ಹೋದೆ. ಅರ್ಧ ಪುಟಕ್ಕೆ ಅವರು ಕೈಯೆತ್ತಿ ತಡೆದರು. "ನಿಮಗೇನ್ ತಿಳೀತು?"

ನನಗೇನೂ ತಿಳಿದಿರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಹೇಳಿದ ನಾಲಿಗೆ ಅದನ್ನು ಒಪ್ಪಲಿಲ್ಲ. "ತಿಳಿಯಿತು" ಎಂದೆ.

"ಅಂಗಾದ್ರೆ ಯೋಳಿ ನೋಡಾಣ."

ನಾನು ಓದಿದ ಸಾಲುಗಳ ಮೇಲೆ ಮತ್ತೆ ಬೆರಳಾಡಿಸತೊಡಗಿದೆ.

"ನಂಗೂ ತಿಳೀಲಿಲ್ಲ. ಇನ್ನೊಂದ್ಸಲ ಓದಿ" ಎಂದರು, ಯಾವ ಸಂಕೋಚವೂ ಇಲ್ಲದೆ.

ಮೂರನೆಯ ಓದಿಗೆ ಅವರು ಅಂಚಿರುವ ತಟ್ಟೆಯೊಂದನ್ನು ಕೇಳಿ ಪಡೆದು, ಅದರ ನಡುವೆ ಲೋಟವನ್ನಿಟ್ಟು, ಸುತ್ತಲಿನ ಸಂದಿಯಲ್ಲಿ ಮೂರು ನಿಂಬೆಹಣ್ಣುಗಳನ್ನು ಸಿಕ್ಕಿಸಿದರು.

"ಲೋಟ ಅಂದ್ರೆ ಗೇರ್‌ಬಾಕ್ಸ್ ಒಳಗಿರೋ ಮೋಟಾರು. ನಿಂಬೆಹಣ್ಣು ಇಂಜಿನ್ ಕಡೇದು. ತಟ್ಟೆ ಅಂಚು ಗಾಲಿ, ಅದು ನಿಂತದೆ." ಲೋಟವನ್ನು ತಿರುಗಿಸಿದರು. ಹಣ್ಣುಗಳು ಉರುಳುತ್ತ ಲೋಟವನ್ನು ಸುತ್ತಿದವು. "ಇಂಜಿನ್ ತಿರುಗ್ತಾ? ಬೇರೆ ಸ್ಟಾರ್ಟರ್ ಯಾಕ್ ಬೇಕು? ನಾವು ತಳ್ಳಿದ್ರೆ ಆ ಮೋಟಾರು ಸುಮ್ನೆ ಇಂದಕ್ಕೆ ಸುತ್ತುತ್ತೆ, ಇಂಜಿನ್ ಕದಲಲ್ಲ. ಮೋಟಾರಿಗೆ ಕರೆಂಟ್ ಕೊಡೋ ದೊಡ್ಡ ಬ್ಯಾಟ್ರೀನ ಎಬ್ಬಿಸೋದು ಸಣ್ಣ ಬ್ಯಾಟ್ರಿ. ಅದು ಸತ್ತದೆ, ಅಷ್ಟೇಯ."

ಸಣ್ಣ ಬ್ಯಾಟರಿ ಬದಲಾಯಿತು, ಕಾರು ಹೊರಟಿತು. ಗ್ಯಾರೇಜೂ ತೆರೆಯಿತು. ಗೇಲಿ ಮಾಡಿದ್ದ ಚಾಲಕನನ್ನು ಅವರೇ ಕೂಗಿ ಕರೆದರು: "ಅವತ್ತು ನಂಗೆ ಗೊತ್ತಿರ್ಲಿಲ್ಲ ಕಣ್ಲಾ. ಬಾ, ತೋರಿಸ್ತೀನಿ."

ಮತ್ತೆ ನಾಲ್ಕು ವರ್ಷ ದುಡಿದು, ಕಳೆದ ಬೇಸಿಗೆಯಲ್ಲಿ ಮೇಸ್ತ್ರಿ ತೀರಿಕೊಂಡರು. ಆ ಕಾರಿನ ಸಂಗತಿ ನಡೆದ ಮೇಲೆ, ನಾನು ಶಾಲೆ ಬಿಡುವ ವರ್ಷ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳಗನ್ನಡ ಪದ್ಯದ ಒಂದು ಸಾಲಿಗೆ ಅರ್ಥ ಕೇಳಿದಳು. ಏನನ್ನಾದರೂ ಹೇಳಿ ಕೂರಿಸಬಹುದಿತ್ತು. "ನನಗೆ ತಿಳಿಯದು. ನಾಳೆ ಓದಿಕೊಂಡು ಬರುತ್ತೇನೆ" ಎಂದೆ. ತರಗತಿಯಲ್ಲಿ ನಾನು ಹಾಗೆಂದದ್ದು ಅದೇ ಮೊದಲು.